ಬಾಯಿ ಕ್ಯಾನ್ಸರ್: ಜೀನ್ ವರದಿ, ರಕ್ತದ ವರದಿ ಯಾವಾಗ ಬೇಕು, ಹೇಗೆ ಓದಬೇಕು

ಕೆನ್ನೆಯ ಒಳಗೆ ಹುಣ್ಣಾಗಿ ವಾರಗಟ್ಟಲೆ ಮಾಯದಿದ್ದಾಗ ಬಹಳ ಮಂದಿ ಮೊದಲು ಕೇಳುವುದು, ‘ರಕ್ತ ಕೊಟ್ಟರೆ ಗೊತ್ತಾಗುತ್ತದಲ್ಲ?’ ಎಂದು. ಗೊತ್ತಾಗುವುದಿಲ್ಲ. ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ. ತೀರ್ಮಾನ ಹೇಳುವುದು ಹುಣ್ಣಿನಿಂದ ತೆಗೆದ ತುಣುಕು. ಜೀನ್ ಪರೀಕ್ಷೆಗೂ ರಕ್ತ ಪರೀಕ್ಷೆಗೂ ಈ ಕಾಯಿಲೆಯಲ್ಲಿ ಕೆಲಸವಿದೆ, ಆದರೆ ಸರದಿ ತಪ್ಪಿದರೆ ದುಡ್ಡಿನ ಜೊತೆಗೆ ವಾರಗಳೂ ಹೋಗುತ್ತವೆ. ಈ ಬರಹ ರೋಗಿಯ ಮನೆಯವರಿಗೆ, ಊರಿನ ದಂತವೈದ್ಯರಿಗೆ, ಮಾದರಿ ಕಳಿಸುವ ಲ್ಯಾಬ್ ಟೆಕ್ನೀಷಿಯನ್ನರಿಗೆ.

ಮೊದಲು ಬಾಯಿ ನೋಡಿ

ಗುಟ್ಕಾ, ಕಡ್ಡಿಪುಡಿ, ಹೊಗೆಸೊಪ್ಪು, ಖೈನಿ, ಬೀಡಿ, ಎಲೆಯಡಿಕೆ ಇವುಗಳಲ್ಲಿ ಯಾವುದರ ಅಭ್ಯಾಸವಿದ್ದರೂ ಟಾರ್ಚ್ ಹಿಡಿದು ಬಾಯಿ ನೋಡುವುದೇ ಮೊದಲ ಪರೀಕ್ಷೆ. ಜಗಿದದ್ದನ್ನು ಒತ್ತಿ ಇಟ್ಟುಕೊಳ್ಳುವ ಜಾಗವನ್ನು, ಅಂದರೆ ಕೆಳದವಡೆಯ ಒಸಡಿಗೂ ಕೆನ್ನೆಗೂ ನಡುವಿನ ಸಂದನ್ನು, ಬೆರಳಿನಿಂದ ಕೆನ್ನೆ ಎಳೆದು ನೋಡಬೇಕು. ನಾಲಿಗೆಯ ಎರಡೂ ಅಂಚು, ನಾಲಿಗೆಯ ಕೆಳಗಿನ ನೆಲ, ಹಿಂದಿನ ಕೊನೆಯ ಹಲ್ಲಿನ ಹಿಂಭಾಗ ಬಿಟ್ಟುಹೋಗಬಾರದು. ಕೆರೆದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗುವ ಹಲ್ಲು, ಒಂದೇ ಬದಿಯ ಕಿವಿನೋವು, ಕುತ್ತಿಗೆಯ ಗಂಟು ಇವುಗಳಲ್ಲಿ ಒಂದಿದ್ದರೂ ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ, ಮಾಡುವವರ ಹತ್ತಿರ ಹೋಗಿ. ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ತೂರಿಸಲಾಗದಿದ್ದರೆ ಅಡಿಕೆಯಿಂದ ಕೆನ್ನೆ ಬಿಗಿಯುತ್ತಿದೆ ಎಂದೇ ಹಿಡಿಯಿರಿ.

ಹೀಗೆ ಕಣ್ಣಲ್ಲಿ ನೋಡುವುದನ್ನು ಹಗುರವಾಗಿ ಎಣಿಸಬೇಡಿ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. 2005ರಲ್ಲಿ ಫಲಿತಾಂಶ ಬಂದಾಗ ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು 34% ಕಡಿಮೆಯಾಗಿತ್ತು. ಹೀಗೆ ಸಾವು ತಗ್ಗಿಸಿ ತೋರಿಸಿದ ರಕ್ತ ಪರೀಕ್ಷೆ ಈ ಕಾಯಿಲೆಗೆ ಒಂದೂ ಇಲ್ಲ.

ತುಣುಕು ತೆಗೆಯುವಾಗ ಆಗುವ ತಪ್ಪುಗಳು

ಹುಣ್ಣಿನ ನಡುವೆ ಕೊಳೆತ ಭಾಗವಿರುತ್ತದೆ. ಅಲ್ಲಿಂದ ತೆಗೆದರೆ ವರದಿಯಲ್ಲಿ ‘ಸತ್ತ ಅಂಗಾಂಶ, ಉರಿಯೂತ’ ಎಂದಷ್ಟೇ ಬರುತ್ತದೆ, ಮನೆಯವರು ಕ್ಯಾನ್ಸರ್ ಇಲ್ಲ ಎಂದುಕೊಂಡು ಹೊರಟುಬಿಡುತ್ತಾರೆ. ಹುಣ್ಣಿನ ಅಂಚಿನಿಂದ, ಗಟ್ಟಿಯಾಗಿ ಸಿಗುವ ಕಡೆಯಿಂದ, ಸ್ವಲ್ಪ ಆರೋಗ್ಯವಂತ ಪೊರೆಯೂ ಸೇರುವಂತೆ, ಆಳಕ್ಕೆ ಇಳಿದು ತೆಗೆಯಬೇಕು. ಬಿಳಿ ಮತ್ತು ಕೆಂಪು ಎರಡೂ ಇದ್ದರೆ ಕೆಂಪನ್ನು ಬಿಡಬಾರದು. ವಿದ್ಯುತ್ ಕಾಟರಿಯಿಂದ ಕತ್ತರಿಸಿದರೆ ಅಂಚು ಸುಟ್ಟು ಓದಲು ಬರುವುದಿಲ್ಲ. ಶಂಕೆ ಬಲವಾಗಿರುವಾಗ ಸಣ್ಣ ಕ್ಲಿನಿಕ್ಕಿನಲ್ಲಿ ಇಡೀ ಗಡ್ಡೆಯನ್ನು ‘ಕಿತ್ತುಬಿಡುವುದು’ ಎಲ್ಲಕ್ಕಿಂತ ಕೆಟ್ಟದ್ದು. ಆಮೇಲೆ ಶಸ್ತ್ರಚಿಕಿತ್ಸಕರಿಗೆ ಎಲ್ಲಿಂದ ಎಲ್ಲಿಯವರೆಗೆ ತೆಗೆಯಬೇಕು ಎಂಬ ಗುರುತೇ ಉಳಿದಿರುವುದಿಲ್ಲ.

ತುಣುಕನ್ನು ತಕ್ಷಣ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಹಾಕಿ. ದ್ರಾವಣ ತುಣುಕಿನ ಕನಿಷ್ಠ 10 ಪಟ್ಟು ಇರಲಿ. ಸಲೈನ್‌ನಲ್ಲೋ ಸ್ಪಿರಿಟ್‌ನಲ್ಲೋ ಕಳಿಸಬೇಡಿ. 6 ಗಂಟೆಗಿಂತ ಕಡಿಮೆ ನೆನೆದರೆ ಬಣ್ಣ ಸರಿಯಾಗಿ ಹತ್ತುವುದಿಲ್ಲ, 72 ಗಂಟೆ ದಾಟಿದರೆ ಡಿಎನ್ಎ ಚೂರುಚೂರಾಗಿ ನಿಜಕ್ಕೂ ಇಲ್ಲದ ಬದಲಾವಣೆಗಳು ಜೀನ್ ವರದಿಯಲ್ಲಿ ಕಾಣಿಸತೊಡಗುತ್ತವೆ. ಶನಿವಾರ ಸಂಜೆ ತೆಗೆದು ಬುಧವಾರ ಲ್ಯಾಬಿಗೆ ತಲುಪುವ ತುಣುಕಿನ ಗತಿ ಇದೇ.

ದವಡೆ ಮೂಳೆಯೊಂದಿಗೆ ಬಂದ ಮಾದರಿಯಲ್ಲಿ ಇನ್ನೊಂದು ಅಪಾಯವಿದೆ. ಮೂಳೆ ಮೆದುವಾಗಲೆಂದು ಹಾಕುವ ಬಲವಾದ ಆಮ್ಲ ಡಿಎನ್ಎಯನ್ನು ಹಾಳುಮಾಡುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಒಸಡು-ಕೆನ್ನೆಯ ಕ್ಯಾನ್ಸರ್, ಹಾಗಾಗಿ ದವಡೆ ಜೊತೆಗೇ ಬರುವ ಮಾದರಿಗಳು ಬಹಳ. ಜೀನ್ ಪರೀಕ್ಷೆಗೆ ಕಳಿಸುವುದಿದ್ದರೆ ಮೂಳೆ ತಾಗದ ಮೆದು ಭಾಗದ ಬ್ಲಾಕ್ (ಮೇಣದಲ್ಲಿ ಅಚ್ಚುಹಾಕಿದ ತುಣುಕು) ಆರಿಸಿಕೊಡಿ ಎಂದು ಪೆಥಾಲಜಿಸ್ಟರಿಗೆ ಬರೆದು ತಿಳಿಸಿ. ಅಂಥದ್ದು ಇಲ್ಲವಾದರೆ ಬಲವಾದ ಆಮ್ಲದ ಬದಲು ಇಡಿಟಿಎ ಎಂಬ ಸೌಮ್ಯ ದ್ರಾವಣದಲ್ಲಿ ಮೆದುಮಾಡಿದ ಬ್ಲಾಕ್ ನಡೆಯುತ್ತದೆ.

ತಂಬಾಕು ಜೀನ್‌ಗಳಿಗೆ ಮಾಡುವುದೇನು

ಇದನ್ನು ತಿಳಿದರೆ ವರದಿಯ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ. ಹೊಗೆಸೊಪ್ಪನ್ನು ಹದಮಾಡುವಾಗ, ಹುದುಗಿಸುವಾಗ, ದಾಸ್ತಾನಿನಲ್ಲಿ ಇಟ್ಟಾಗ ಅದರಲ್ಲಿ ನೈಟ್ರೋಸಮೈನ್‌ಗಳು ಹುಟ್ಟುತ್ತವೆ. ಎನ್ಎನ್ಎನ್, ಎನ್ಎನ್‌ಕೆ ಎಂಬ ಎರಡು ಮುಖ್ಯವಾದವು. ದೇಹದ ಕಿಣ್ವಗಳು ಇವನ್ನು ಕರಗಿಸಿ ಹೊರಹಾಕಲು ಹೊರಟು ದಾರಿಯಲ್ಲಿ ಇನ್ನೂ ಚುರುಕಾದ ವಸ್ತುವಾಗಿ ಮಾಡುತ್ತವೆ. ಅದು ಡಿಎನ್ಎಯ ಗ್ವಾನಿನ್ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಕೋಶ ಎರಡಾಗಿ ವಿಭಜನೆಯಾಗುವ ಮುಂಚೆ ರಿಪೇರಿಯಾಗದಿದ್ದರೆ ಗ್ವಾನಿನ್ ಇರಬೇಕಾದ ಕಡೆ ಅಡಿನಿನ್ ಕೂರುತ್ತದೆ, ಆ ತಪ್ಪು ಶಾಶ್ವತವಾಗುತ್ತದೆ. ಬೀಡಿ ಸಿಗರೇಟಿನ ಹೊಗೆಯಲ್ಲಿರುವ ಬೆಂಜೋಪೈರೀನ್ ಗ್ವಾನಿನ್ ಜಾಗದಲ್ಲಿ ಥೈಮಿನ್ ಕೂರಿಸುತ್ತದೆ.

ಸುಣ್ಣ ಸೇರಿದರೆ ಬಾಯಿ ಕ್ಷಾರವಾಗಿ ನಿಕೋಟಿನ್ ಬೇಗ ಒಳಗೆ ಇಳಿಯುತ್ತದೆ, ಅಡಿಕೆಯಿಂದ ಡಿಎನ್ಎಯನ್ನು ಕಡಿಯುವ ಚುರುಕು ಆಮ್ಲಜನಕದ ಕಣಗಳೂ ಹೊರಬೀಳುತ್ತವೆ. ‘ತಂಬಾಕಿಲ್ಲ, ಬರೀ ಅಡಿಕೆ’ ಎನ್ನುವವರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮಲೆನಾಡಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೆ ಬಿಗಿದ ಕೆನ್ನೆಗೆ ಬೆಳೆಯ ಬೆಲೆ ಗೊತ್ತಿಲ್ಲ.

ಏಟು ಬೀಳುವ ಕ್ರಮದಲ್ಲೂ ಒಂದು ಅಂದಾಜು ಇದೆ. ಬಿಳಿ ಮಚ್ಚೆಯ ಹಂತದಲ್ಲೇ 9ನೇ ಮತ್ತು 3ನೇ ಕ್ರೋಮೋಸೋಮಿನ ಗಿಡ್ಡ ತೋಳಿನಿಂದ ತುಂಡುಗಳು ಕಳೆದುಹೋಗಿರುತ್ತವೆ. 9ನೆಯದರಲ್ಲಿರುವ ಸಿಡಿಕೆಎನ್2ಎ ಜೀನ್ ಕೋಶ ವಿಭಜನೆಗೆ ಬ್ರೇಕ್ ಹಾಕುವಂಥದ್ದು. ಮುಂದೆ 17ನೆಯದರಲ್ಲಿರುವ ಟಿಪಿ53 ಕೆಡುತ್ತದೆ. ಡಿಎನ್ಎ ಹಾಳಾದ ಕೋಶವನ್ನು ತಡೆದು ನಿಲ್ಲಿಸುವ, ರಿಪೇರಿಯಾಗದಿದ್ದರೆ ಸಾಯಿಸುವ ಜೀನ್ ಅದು. ತಂಬಾಕಿನ ಬಾಯಿ ಕ್ಯಾನ್ಸರಿನಲ್ಲಿ ಅತಿ ಹೆಚ್ಚು ಕೆಟ್ಟಿರುವುದು ಇದೇ. 11ನೇ ಕ್ರೋಮೋಸೋಮಿನ ಸಿಸಿಎನ್‌ಡಿ1 ಮಾತ್ರ ಕಳೆಯುವ ಬದಲು ಹಲವು ಪ್ರತಿಗಳಾಗಿ ಹೆಚ್ಚುತ್ತದೆ. ಫ್ಯಾಟ್1, ನಾಚ್1, ಕ್ಯಾಸ್ಪ್8, ಎಚ್‌ರಾಸ್, ಪಿಐಕೆ3ಸಿಎ ಹೆಸರುಗಳೂ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಪಶ್ಚಿಮ ಬಂಗಾಳದ ಕಲ್ಯಾಣಿ ಊರಿನ ರಾಷ್ಟ್ರೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದ ತಂಡ ಭಾರತೀಯರ ಒಸಡು-ಕೆನ್ನೆಯ ಕ್ಯಾನ್ಸರನ್ನೇ ಓದಿ 2013ರಲ್ಲಿ ಪ್ರಕಟಿಸಿದಾಗ ಈ ಪಟ್ಟಿಗೆ ಯುಎಸ್‌ಪಿ9ಎಕ್ಸ್, ಆರಿಡ್2ರಂಥ ಕೆಲವು ಹೊಸ ಹೆಸರು ಸೇರಿದವು.

ಇದರಲ್ಲಿ ರೋಗಿಗೆ ತಿಳಿದಿರಬೇಕಾದ ಅಂಶ ಒಂದಿದೆ. ಈ ಪಟ್ಟಿಯಲ್ಲಿ ಬಹುಪಾಲು ಕೆಟ್ಟ ಬ್ರೇಕುಗಳು. ಸಿಕ್ಕಿಬಿದ್ದ ಆಕ್ಸಿಲರೇಟರನ್ನು ತಡೆಯಲು ಮಾತ್ರೆ ಮಾಡುವುದು ಸಾಧ್ಯ, ಇಲ್ಲವಾದ ಬ್ರೇಕನ್ನು ಮಾತ್ರೆಯಿಂದ ಮತ್ತೆ ಕೂರಿಸುವುದು ಕಷ್ಟ. ಶ್ವಾಸಕೋಶದ ಕ್ಯಾನ್ಸರಿನವರಿಗೆ ಜೀನ್ ನೋಡಿ ಮಾತ್ರೆ ಕೊಟ್ಟರಂತೆ, ನಮಗೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದೇ.

ಇನ್ನೊಂದು ವಿಷಯ, ಜಗಿದದ್ದರ ರಸ ತಾಗಿದ್ದು ಒಂದೇ ಜಾಗಕ್ಕಲ್ಲ. ಕಣ್ಣಿಗೆ ಚೆನ್ನಾಗಿ ಕಾಣುವ ಪೊರೆಯಲ್ಲೂ ಅರ್ಧ ಕೆಟ್ಟ ಜೀನ್‌ಗಳಿರುತ್ತವೆ. ಒಂದು ಕಡೆ ಆಪರೇಷನ್ ಮಾಡಿಸಿಕೊಂಡವರಿಗೆ ವರ್ಷಗಳ ನಂತರ ಎದುರು ಕೆನ್ನೆಯಲ್ಲಿ ಹೊಸದೇ ಕ್ಯಾನ್ಸರ್ ಏಳುವುದಕ್ಕೆ ಇದು ಕಾರಣ.

ಜೀನ್ ವರದಿ: ಯಾರಿಗೆ, ಯಾವಾಗ

ಮೊದಲ ಸಲ ಪತ್ತೆಯಾಗಿ, ಆಪರೇಷನ್ ಸಾಧ್ಯವಿರುವ ಬಾಯಿ ಕ್ಯಾನ್ಸರಿಗೆ ದೊಡ್ಡ ಜೀನ್ ಪ್ಯಾನೆಲ್ (ಹಲವು ಜೀನ್‌ಗಳನ್ನು ಒಟ್ಟಿಗೆ ಓದುವ ಪರೀಕ್ಷೆ) ಬೇಡ. ಅದರಲ್ಲಿ ಏನೇ ಬಂದರೂ ಮಾಡುವ ಚಿಕಿತ್ಸೆ ಅದೇ. ಆ ಹಂತದಲ್ಲಿ ಓದಬೇಕಾದದ್ದು ಆಪರೇಷನ್ ನಂತರದ ಸಾಮಾನ್ಯ ಪೆಥಾಲಜಿ ವರದಿ. ಗಡ್ಡೆಯ ಅಗಲದ ಜೊತೆಗೆ ಅದು ಇಳಿದ ಆಳ ನೋಡಿ: 5 ಮಿ.ಮೀ. ಮತ್ತು 10 ಮಿ.ಮೀ. ಹಂತ ಬದಲಿಸುವ ಗೆರೆಗಳು. ಅಂಚಿನಲ್ಲಿ 5 ಮಿ.ಮೀ. ಅಥವಾ ಹೆಚ್ಚು ಕ್ಯಾನ್ಸರ್ ತಾಗದ ಭಾಗವಿದೆಯೇ, ನರದ ಸುತ್ತ ಹರಡಿದೆಯೇ, ಕುತ್ತಿಗೆಯ ಎಷ್ಟು ಗ್ರಂಥಿ ತೆಗೆದರು, ಎಷ್ಟರಲ್ಲಿ ಕ್ಯಾನ್ಸರ್ ಇತ್ತು, ಗ್ರಂಥಿಯ ಕವಚ ದಾಟಿದೆಯೇ. ಕೊನೆಯ ಸಾಲಿಗೆ ‘ಹೌದು’ ಎಂದಿದ್ದರೆ, ಅಥವಾ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ, ರೇಡಿಯೇಷನ್ ಜೊತೆಗೆ ಕೀಮೋ ಬಗ್ಗೆ ಕೇಳಲೇಬೇಕು. ಈ ಐದಾರು ಸಾಲಿಗಿಂತ ಬೆಲೆಬಾಳುವ ಜೀನ್ ವರದಿ ಈ ಹಂತದಲ್ಲಿ ಇಲ್ಲ.

ಕಾಯಿಲೆ ಮರುಕಳಿಸಿದಾಗ ಅಥವಾ ಬೇರೆ ಅಂಗಕ್ಕೆ ಹರಡಿದಾಗ ಮಾತು ಬೇರೆ. ಆಗ ಮೊದಲು ಕೇಳಬೇಕಾದ್ದು ಪಿಡಿ-ಎಲ್1 ಎಂಬ ಪ್ರೋಟೀನಿನ ಪರೀಕ್ಷೆ. ಇದು ಜೀನ್ ಪರೀಕ್ಷೆಯಲ್ಲ, ಬಯಾಪ್ಸಿ ಬ್ಲಾಕಿನ ಮೇಲೆ ಬಣ್ಣ ಹಾಕಿ ನೋಡುವಂಥದ್ದು. ದೇಹದ ರಕ್ಷಕ ಕೋಶಗಳನ್ನು ಎಬ್ಬಿಸುವ ಪೆಂಬ್ರೊಲಿಜುಮ್ಯಾಬ್ ಔಷಧಿಯೊಂದನ್ನೇ ಕೊಡಬಹುದೇ ಎಂದು ತೀರ್ಮಾನಿಸಲು ಸಿಪಿಎಸ್ ಎಂಬ ಅಂಕ ಬೇಕು. 1 ಮತ್ತು 20 ಅದರ ಗೆರೆಗಳು. ಕೆಲವು ಲ್ಯಾಬ್‌ಗಳು ಶ್ವಾಸಕೋಶದ ಕ್ಯಾನ್ಸರಿನ ರೂಢಿಯಂತೆ ಟಿಪಿಎಸ್ ಮಾತ್ರ ಬರೆದು ಕಳಿಸುತ್ತವೆ. ಟಿಪಿಎಸ್ ಕ್ಯಾನ್ಸರ್ ಕೋಶಗಳನ್ನಷ್ಟೇ ಎಣಿಸುತ್ತದೆ, ಸಿಪಿಎಸ್ ಜೊತೆಗಿರುವ ರಕ್ಷಕ ಕೋಶಗಳನ್ನೂ ಸೇರಿಸುತ್ತದೆ. ಟಿಪಿಎಸ್ 0 ಇದ್ದರೂ ಸಿಪಿಎಸ್ 1 ದಾಟಿರಬಹುದು. ಹಾಗಾಗಿ ಫಾರ್ಮಿನಲ್ಲೇ ‘ಸಿಪಿಎಸ್ ಬೇಕು’ ಎಂದು ಬರೆಸಿ. ಮಾದರಿಯಲ್ಲಿ ಕನಿಷ್ಠ 100 ಜೀವಂತ ಕ್ಯಾನ್ಸರ್ ಕೋಶ ಇರದಿದ್ದರೆ ಅಂಕವನ್ನು ನಂಬುವಂತಿಲ್ಲ.

ದೊಡ್ಡ ಪ್ಯಾನೆಲ್ ಮಾಡಿಸಲೇಬೇಕೆಂದಾದರೆ ವರದಿ ಬಂದಾಗ ಇಷ್ಟು ನೋಡಿ. ಮಾದರಿಯಲ್ಲಿ ಕ್ಯಾನ್ಸರ್ ಕೋಶ ಎಷ್ಟು ಶೇಕಡಾ ಇತ್ತು? 20ಕ್ಕಿಂತ ಕಡಿಮೆಯಿದ್ದರೆ ‘ಏನೂ ಕಾಣಲಿಲ್ಲ’ ಎಂಬ ಫಲಿತಾಂಶಕ್ಕೆ ಬೆಲೆ ಕಡಿಮೆ. ಓದಿದ ಪ್ರತಿಗಳಲ್ಲಿ ಎಷ್ಟರಲ್ಲಿ ಆ ಬದಲಾವಣೆ ಇತ್ತು ಎಂದು ಪ್ರತಿ ಬದಲಾವಣೆಯ ಮುಂದೆ ಒಂದು ಶೇಕಡಾವಾರು ಇರುತ್ತದೆ. ಕ್ಯಾನ್ಸರ್ ಕೋಶ 40% ಇದ್ದು ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಅದು 20%ರ ಆಸುಪಾಸು ಬರಬೇಕು. ಕ್ಯಾನ್ಸರ್ ಕೋಶ ಕಡಿಮೆಯಿದ್ದೂ 50%ರ ಹತ್ತಿರ ಬಂದರೆ ಅದು ಹುಟ್ಟಿನಿಂದ ಬಂದ ಬದಲಾವಣೆಯಾಗಿರಬಹುದು, ಬೇರೆಯಾಗಿ ಪರೀಕ್ಷಿಸಬೇಕು. ‘ಅರ್ಥ ಸ್ಪಷ್ಟವಿಲ್ಲದ ವೇರಿಯಂಟ್’ ಎಂದು ಬರೆದವುಗಳ ಆಧಾರದ ಮೇಲೆ ಔಷಧಿ ಶುರುಮಾಡಬೇಡಿ, ಮಕ್ಕಳಿಗೆ ಬರುತ್ತದೇನೋ ಎಂದು ಕೊರಗಲೂ ಬೇಡಿ. ಟಿಪಿ53 ಕೆಟ್ಟಿದೆ ಎಂದು ಗಡ್ಡೆಯ ವರದಿ ಹೇಳಿದರೆ ಸಾಮಾನ್ಯವಾಗಿ ಅದು ಗಡ್ಡೆಯಲ್ಲಿ ಆದದ್ದು, ಮನೆತನಕ್ಕೆ ಸಂಬಂಧಿಸಿದ್ದಲ್ಲ.

ಬಿಟ್ಟುಬಿಡಬಹುದಾದವೂ ಇವೆ. ಎಚ್‌ಪಿವಿ ವೈರಸ್ಸಿನ ಸುಳಿವು ಕೊಡುವ ಪಿ16 ಪರೀಕ್ಷೆ ಗಂಟಲಿನ ಟಾನ್ಸಿಲ್ ಭಾಗದ ಕ್ಯಾನ್ಸರಿಗೆ ಬೇಕು, ಕೆನ್ನೆ-ಒಸಡಿನದಕ್ಕೆ ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಇಜಿಎಫ್ಆರ್ ಜೀನ್ ಪರೀಕ್ಷೆಯೂ ಅಷ್ಟೇ. ಇಜಿಎಫ್ಆರ್ ಅನ್ನು ತಡೆಯುವ ಸೆಟುಕ್ಸಿಮ್ಯಾಬ್ ಔಷಧಿ ಕೊಡಲು ಇಲ್ಲಿ ಅದು ಬೇಕಿಲ್ಲ.

ರಕ್ತದ ‘ಕ್ಯಾನ್ಸರ್ ಮಾರ್ಕರ್’ಗಳು

ಎಸ್‌ಸಿಸಿ ಆಂಟಿಜನ್, ಸೈಫ್ರಾ 21-1, ಸಿಇಎ ಈ ಮೂರನ್ನು ಬಾಯಿ ಕ್ಯಾನ್ಸರಿಗೆ ಬರೆದುಕೊಡುವುದುಂಟು. ಸಣ್ಣ ಗಡ್ಡೆಯಿರುವ ಹಲವರಲ್ಲಿ ಇವು ಏರುವುದೇ ಇಲ್ಲ, ಗಡ್ಡೆಯೇ ಇಲ್ಲದವರಲ್ಲಿ ಏರಬಹುದು. ಎಸ್‌ಸಿಸಿ ಆಂಟಿಜನ್ನಿಗೆ ಮಿ.ಲೀ.ಗೆ 1.5 ನ್ಯಾನೋಗ್ರಾಂ ಸುತ್ತಮುತ್ತ ಗಡಿ ಇಡುತ್ತಾರೆ. ಸೋರಿಯಾಸಿಸ್, ಇಸಬು, ಮೂತ್ರಪಿಂಡದ ತೊಂದರೆ ಇದ್ದರೆ ಗಡಿ ದಾಟುತ್ತದೆ. ಈ ಪ್ರೋಟೀನ್ ಚರ್ಮದಲ್ಲೂ ಎಂಜಲಲ್ಲೂ ಧಾರಾಳವಾಗಿದೆ, ಆದ್ದರಿಂದ ಟೆಕ್ನೀಷಿಯನ್ ಗ್ಲೌಸಿಲ್ಲದೆ ಟ್ಯೂಬಿನ ಬಾಯಿ ಮುಟ್ಟಿದರೂ ಮಾದರಿಯ ಮೇಲೆ ಸೀನಿದರೂ ಅಂಕ ಸುಳ್ಳಾಗಿ ಏರುತ್ತದೆ. ಅನಿರೀಕ್ಷಿತವಾಗಿ ಹೆಚ್ಚು ಬಂದರೆ ಹೊಸ ಮಾದರಿ ಕೊಟ್ಟು ನೋಡುವುದೇ ಮೊದಲ ಕೆಲಸ. ಸಿಇಎ ಬೀಡಿ ಸೇದುವವರಲ್ಲಿ ಹೇಗೂ ಸ್ವಲ್ಪ ಹೆಚ್ಚಿರುತ್ತದೆ. ಹೊಟ್ಟೆ, ಅಂಡಾಶಯದ ಮಾರ್ಕರ್‌ಗಳನ್ನು ಸೇರಿಸಿದ ‘ಫುಲ್ ಕ್ಯಾನ್ಸರ್ ಪ್ರೊಫೈಲ್’ ಬಾಯಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಚಿಕಿತ್ಸೆಗೆ ಮುಂಚೆಯೇ ಮಾರ್ಕರ್ ಏರಿದ್ದವರಲ್ಲಿ ಮಾತ್ರ ಮುಂದೆ ಹೋಲಿಸಿ ನೋಡುವುದಕ್ಕೆ ಅರ್ಥವಿದೆ. ಅದೂ ಒಂದೇ ಲ್ಯಾಬ್, ಒಂದೇ ಕಿಟ್. ಬೇರೆ ಬೇರೆ ಕಂಪನಿಯ ಕಿಟ್‌ಗಳ ಅಂಕವನ್ನು ಪಕ್ಕಪಕ್ಕ ಇಟ್ಟು ಏರಿತು ಇಳಿಯಿತು ಎನ್ನುವಂತಿಲ್ಲ.

ನಿಜಕ್ಕೂ ಬೇಕಾದ ರಕ್ತ ಪರೀಕ್ಷೆಗಳು ಹಳೆಯವು, ಅಗ್ಗದವು. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಡುವ ಮುಂಚೆ ಮೂತ್ರಪಿಂಡದ ಕೆಲಸ ತೋರುವ ಕ್ರಿಯಾಟಿನಿನ್ ಅಂಕವನ್ನಷ್ಟೇ ನೋಡಿ ‘ನಾರ್ಮಲ್’ ಎನ್ನಬಾರದು, ಲೆಕ್ಕ ಹಾಕಬೇಕು: 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಿ, ಹೆಂಗಸರಿಗೆ 0.85ರಿಂದ ಗುಣಿಸಿ. 60 ವರ್ಷದ, 48 ಕೆ.ಜಿ. ತೂಕದ ಗಂಡಸಿಗೆ ಕ್ರಿಯಾಟಿನಿನ್ 1.1 ಇದ್ದರೆ ಕಾಗದದ ಮೇಲೆ ಎಲ್ಲ ಸರಿ. ಲೆಕ್ಕದಲ್ಲಿ ಬರುವುದು ನಿಮಿಷಕ್ಕೆ 48 ಮಿ.ಲೀ. ಮಾತ್ರ. 50ರ ಕೆಳಗೆ ಸಿಸ್‌ಪ್ಲಾಟಿನ್ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಊಟ ಸೇರದೆ ಬಡಕಲಾದ ನಮ್ಮ ರೋಗಿಗಳಲ್ಲಿ ಇದು ಮತ್ತೆ ಮತ್ತೆ ಕಣ್ತಪ್ಪುತ್ತದೆ.

ಮುಂದುವರಿದ ಬಾಯಿ ಕ್ಯಾನ್ಸರಿನಲ್ಲಿ ಕ್ಯಾಲ್ಸಿಯಂ ಏರಿ ರೋಗಿ ಮಂಕಾಗುವುದುಂಟು. ಮನೆಯವರು ನಿಶ್ಶಕ್ತಿ ಎಂದುಕೊಳ್ಳುತ್ತಾರೆ. ಆಲ್ಬುಮಿನ್ ಕಡಿಮೆಯಿದ್ದರೆ ಕ್ಯಾಲ್ಸಿಯಂ ಅಂಕವೂ ಕಡಿಮೆಯಾಗಿ ತೋರುತ್ತದೆ. 4ರಿಂದ ಆಲ್ಬುಮಿನ್ ಕಳೆದು 0.8ರಿಂದ ಗುಣಿಸಿ ಕೂಡಿಸಿ: 10.2 ಕ್ಯಾಲ್ಸಿಯಂ, 2.5 ಆಲ್ಬುಮಿನ್ ಇದ್ದರೆ ನಿಜವಾದ ಅಂಕ 11.4. ಅದು ಹೆಚ್ಚು, ತಕ್ಷಣ ಆಸ್ಪತ್ರೆಗೆ ತಿಳಿಸಬೇಕು. ಹಲವು ದಿನ ಉಪವಾಸವಿದ್ದವರಿಗೆ ಮೂಗಿನ ನಳಿಗೆಯಲ್ಲಿ ಆಹಾರ ಶುರುಮಾಡುವ ಮೊದಲು ಪೊಟ್ಯಾಸಿಯಂ, ಮೆಗ್ನೀಸಿಯಂ, ರಂಜಕ ನೋಡಬೇಕು. ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ಇವು ಕುಸಿದು ಹೃದಯದ ಬಡಿತ ತಪ್ಪಬಹುದು. ಹಿಮೋಗ್ಲೋಬಿನ್, ಸಕ್ಕರೆ, ಹೆಪಟೈಟಿಸ್ ಪರೀಕ್ಷೆಗಳು ಹೇಗೂ ಇರುತ್ತವೆ.

ರಕ್ತದಿಂದ ಮಾಡುವ ಜೀನ್ ಪರೀಕ್ಷೆಗಳಲ್ಲಿ ಎರಡಕ್ಕೆ ನಿಜವಾದ ಉಪಯೋಗವಿದೆ. 5-ಎಫ್‌ಯು ಅಥವಾ ಕೆಪೆಸಿಟಬಿನ್ ಎಂಬ ಕೀಮೋ ಔಷಧಿ ಕೊಡುವ ಮೊದಲು ಡಿಪಿವೈಡಿ ಜೀನಿನ ಪರೀಕ್ಷೆ. ಈ ಜೀನ್ ಕೆಟ್ಟವರಲ್ಲಿ ಔಷಧಿ ಕರಗದೆ ಬಾಯಿಹುಣ್ಣು, ಭೇದಿ, ಬಿಳಿರಕ್ತಕಣಗಳ ಕುಸಿತ ಪ್ರಾಣಕ್ಕೇ ಬರಬಹುದು. ಸಾಮಾನ್ಯವಾಗಿ ನೋಡುವ ನಾಲ್ಕು ವೇರಿಯಂಟ್‌ಗಳು ಯುರೋಪಿನವರನ್ನು ನೋಡಿ ಆರಿಸಿದವು, ಆದ್ದರಿಂದ ‘ಇಲ್ಲ’ ಎಂದು ಬಂದರೂ ಮೊದಲ ಸುತ್ತಿನಲ್ಲಿ ಎಚ್ಚರ ಬೇಕು. ಇನ್ನೊಂದು, ತಂಬಾಕು ಅಡಿಕೆ ಮುಟ್ಟದ, 40 ದಾಟದವರಿಗೆ ಬಾಯಿ ಕ್ಯಾನ್ಸರ್ ಬಂದರೆ ಡಿಎನ್ಎ ರಿಪೇರಿ ಕೆಟ್ಟ ಹುಟ್ಟು ಕಾಯಿಲೆಯಾದ ಫ್ಯಾಂಕೋನಿ ಅನೀಮಿಯಾದ ಪರೀಕ್ಷೆ. ಕುಳ್ಳು ಮೈಕಟ್ಟು, ಹೆಬ್ಬೆರಳಿನ ದೋಷ, ಕಡಿಮೆ ಪ್ಲೇಟ್‌ಲೆಟ್ ಇದ್ದರೆ ಬಿಡಲೇಬಾರದು, ಏಕೆಂದರೆ ಇವರಿಗೆ ಮಾಮೂಲಿ ಪ್ರಮಾಣದ ಸಿಸ್‌ಪ್ಲಾಟಿನ್ ಮತ್ತು ರೇಡಿಯೇಷನ್ ತಡೆಯಲಾಗುವುದಿಲ್ಲ. ರಕ್ತವನ್ನು ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಟ್ಯೂಬಿನಲ್ಲಿ, ಫ್ರೀಜರಿಗೆ ಹಾಕದೆ, ಮರುದಿನದೊಳಗೆ ತಲುಪಿಸಬೇಕು. ಕೋಶಗಳು ಸತ್ತರೆ ಕ್ರೋಮೋಸೋಮ್ ಒಡೆಯುವುದನ್ನು ನೋಡಲಾಗುವುದಿಲ್ಲ.

ಲಿಕ್ವಿಡ್ ಬಯಾಪ್ಸಿ

ಗಡ್ಡೆಯ ಡಿಎನ್ಎ ಚೂರುಗಳನ್ನು ರಕ್ತದಲ್ಲಿ ಹುಡುಕುವ ಈ ಪರೀಕ್ಷೆ ಬಾಯಿ ಕ್ಯಾನ್ಸರಿನಲ್ಲಿ ಇನ್ನೂ ಸಂಶೋಧನೆಯ ಹಂತದ್ದು. ಅಧ್ಯಯನಕ್ಕೆ ಸೇರಿದ್ದರೆ ಸರಿ, ಜೇಬಿನಿಂದ ಕೊಟ್ಟು ಮಾಡಿಸುವುದಕ್ಕೆ ನಮ್ಮ ಸಹಮತವಿಲ್ಲ. ಮಾದರಿ ತೆಗೆಯುವವರಿಗೆ: ಸೀರಂ ಬೇಡ, ರಕ್ತ ಹೆಪ್ಪುಗಟ್ಟುವಾಗ ಬಿಳಿಕಣಗಳ ಡಿಎನ್ಎ ಸುರಿದು ಗಡ್ಡೆಯದು ಮುಚ್ಚಿಹೋಗುತ್ತದೆ. ಹೆಪಾರಿನ್ ಬೇಡ, ಅದು ಪಿಸಿಆರ್ ತಡೆಯುತ್ತದೆ. ಇಡಿಟಿಎ ಟ್ಯೂಬ್ ಆದರೆ 4 ಗಂಟೆಯೊಳಗೆ 1,600 ಜಿಯಲ್ಲಿ 10 ನಿಮಿಷ ತಿರುಗಿಸಿ, ಬಿಳಿಪೊರೆ ಕಲಕದಂತೆ ಮೇಲಿನ ಪ್ಲಾಸ್ಮಾ ತೆಗೆದು, 16,000 ಜಿಯಲ್ಲಿ ಮತ್ತೆ 10 ನಿಮಿಷ ತಿರುಗಿಸಿ ಮೈನಸ್ 80 ಡಿಗ್ರಿಯಲ್ಲಿಡಿ. ಅಷ್ಟು ಸೌಕರ್ಯ ಇಲ್ಲದಿದ್ದರೆ ಸಂರಕ್ಷಕ ಇರುವ ವಿಶೇಷ ಟ್ಯೂಬ್ ಬಳಸಿ, 8–10 ಸಲ ಮೆಲ್ಲಗೆ ಮಗುಚಿ, ಕೋಣೆಯ ಉಷ್ಣತೆಯಲ್ಲೇ ಕಳಿಸಿ. ಐಸ್ ಮೇಲೆ ಇಡಬೇಡಿ. ಪ್ಲಾಸ್ಮಾ ಗುಲಾಬಿಯಾಗಿದ್ದರೆ ಕೆಂಪುಕಣ ಒಡೆದಿದೆ ಎಂದರ್ಥ, ಮೈಕ್ರೋಆರ್‌ಎನ್ಎ ಅಳೆಯಲು ಆ ಮಾದರಿ ಬಾರದು. ವಯಸ್ಸಾದವರ, ಸೇದುವವರ ರಕ್ತಕಣಗಳಲ್ಲೇ ಟಿಪಿ53 ಬದಲಾವಣೆ ಇರುವುದುಂಟು, ಹಾಗಾಗಿ ಬಿಳಿಕಣಗಳ ಡಿಎನ್ಎಯನ್ನೂ ಜೊತೆಗೆ ಓದದ ವರದಿ ದಾರಿ ತಪ್ಪಿಸುತ್ತದೆ.

ಚಿಕಿತ್ಸೆ ಮುಗಿದ ಮೇಲೆ

ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೇ ವರ್ಷ 2ರಿಂದ 6 ತಿಂಗಳಿಗೊಮ್ಮೆ ಬಾಯಿ ಮತ್ತು ಕುತ್ತಿಗೆ ತೋರಿಸಬೇಕು, ಇಡೀ ಬಾಯಿಯನ್ನು. ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ಕೆಲಸ ತೋರುವ ಟಿಎಸ್‌ಎಚ್ ರಕ್ತ ಪರೀಕ್ಷೆ. ಥೈರಾಯ್ಡ್ ಸೊರಗಿದ್ದರಿಂದ ಬಂದ ಸುಸ್ತನ್ನು ಕ್ಯಾನ್ಸರ್ ಮರಳಿತು ಎಂದು ಹೆದರುವವರು ಬಹಳ. ತಂಬಾಕು ಬಿಡಲು 1800-11-2356 ಉಚಿತ ಸಹಾಯವಾಣಿ ಇದೆ.

ಕಡತದಲ್ಲಿ ಬಯಾಪ್ಸಿ ಮತ್ತು ಆಪರೇಷನ್ ಎರಡರ ಪೆಥಾಲಜಿ ವರದಿಯ ಮೂಲಪ್ರತಿ, ಸ್ಲೈಡ್‌ಗಳು, ಮೇಣದ ಬ್ಲಾಕಿನ ನಂಬರ್ ಇರಲಿ. ಬ್ಲಾಕನ್ನು ಬೇರೆ ಲ್ಯಾಬಿಗೆ ಕೊಡುವಾಗ ಯಾವ ನಂಬರಿನದು, ಎಷ್ಟು ಎಂದು ಬರೆದ ರಸೀದಿ ಪಡೆಯಿರಿ, ಪರೀಕ್ಷೆ ಮುಗಿದ ಮೇಲೆ ಹಿಂದಕ್ಕೆ ಕೇಳಿ. ಮುಂದೆ ಸಿಪಿಎಸ್ ಬೇಕಾದಾಗ ಅದೇ ಬ್ಲಾಕ್ ಬೇಕಾಗುತ್ತದೆ, ಅದು ಕಳೆದಿದ್ದರೆ ಬಾಯಿ ಬಿಗಿದ ರೋಗಿಗೆ ಮತ್ತೊಮ್ಮೆ ಚುಚ್ಚಬೇಕಾಗುತ್ತದೆ.